ಹಸಿರು ತಲೆನೋವು

ತಲೆನೋವಿಗೆ ಬಣ್ಣ ಬರುವುದಕ್ಕೆ ಮುಂಚೆ ಕಾಲ ಎಷ್ಟು ಸರಳವಾಗಿತ್ತು ಅಂತ ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ತಲೆನೋವು ಅಂದರೆ ತಲೆನೋವು, ಅಷ್ಟೆ. ಯಾರಿಗೆ ಬಂದರೂ ಒಂದೇ ಮಾತು: "ಮುಲಾಮು ಹಚ್ಕೊಂಡು ಮಲಕ್ಕೋ, ಹೋಗುತ್ತೆ." ಲೆಕ್ಕದ ಪರೀಕ್ಷೆ ತಪ್ಪಿಸಿಕೊಳ್ಳುವ ಹುಡುಗನಿಗೂ ಅದೇ ಮಾತು, ಬಚ್ಚಲಲ್ಲಿ ಕೂತು ವಾಂತಿ ಮಾಡಿಕೊಂಡು ಗೋಡೆಗೆ ತಲೆ ಒತ್ತಿಕೊಂಡವಳಿಗೂ ಅದೇ ಮಾತು. ಆಮೇಲೆ ಅಲೆಗನ್ನಡಿ ಬಂತು, ತಲೆನೋವಿನಲ್ಲಿ ಎರಡು ಪಂಗಡವಾಯಿತು.

ಅಲೆಗನ್ನಡಿ ಹೆಸರಿಗೆ ಕನ್ನಡಿ, ನೋಡುವುದಕ್ಕೆ ಸ್ಕೂಟರಿನ ಹೆಲ್ಮೆಟ್ಟು. ಒಳಗೆ ಸಾಲುಸಾಲಾಗಿ ಸಣ್ಣ ದೀಪಗಳು. ಅವುಗಳ ಬೆಳಕು ಕಣ್ಣಿಗೆ ಕಾಣಿಸದು. ಆದರೆ ಅದು ಬುರುಡೆಯನ್ನು ದಾಟಿ ಒಳಗಿಳಿದು, ಮಿದುಳಿನ ಮೇಲ್ಪದರದಲ್ಲಿ ರಕ್ತ ಎಲ್ಲಿ ಏರುತ್ತಿದೆ, ಎಲ್ಲಿ ಇಳಿಯುತ್ತಿದೆ ಎಂದು ನೋಡಿಕೊಂಡು ಬರುತ್ತದೆ. ಮಾಮೂಲಿ ತಲೆನೋವಿನಲ್ಲಿ ಅಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಕತ್ತು, ಹಣೆ, ನೆತ್ತಿಯ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಅರೆತಲೆನೋವು, ಡಾಕ್ಟರುಗಳು ಮೈಗ್ರೇನ್ ಅನ್ನುವುದು, ಹಾಗಲ್ಲ. ಅದು ಬರುವಾಗ ಹಿಂದಲೆಯಿಂದ ಒಂದು ಅಲೆ ಏಳುತ್ತದೆ. ನರಕೋಶಗಳು ಒಮ್ಮೆ ಭುಗಿಲೆದ್ದು ಆಮೇಲೆ ಸುಮ್ಮನಾಗುತ್ತವೆ. ಆ ಮೌನ ನೆಲದ ಮೇಲೆ ಚೆಲ್ಲಿದ ಎಣ್ಣೆಯ ಹಾಗೆ ಮೆಲ್ಲಗೆ ಮುಂದಕ್ಕೆ ಹರಡುತ್ತದೆ, ನೋವು ಇರುವಷ್ಟು ಹೊತ್ತೂ ತನ್ನ ಗುರುತು ಬಿಟ್ಟಿರುತ್ತದೆ. ಗುರುತು ಕಂಡರೆ ಪರದೆ ನೇರಳೆ, ಕಾಣದಿದ್ದರೆ ಹಸಿರು.

ಸರ್ಕಾರ ಒಳ್ಳೆಯ ಮನಸ್ಸಿನಿಂದಲೇ ಕಾನೂನು ಮಾಡಿತು. ನೇರಳೆ ಬಂದವರಿಗೆ 'ಅರೆತಲೆ ರಜೆ', ಕೆಲಸದ ಜಾಗದಲ್ಲಿ ಮಲಗಲು ಕತ್ತಲೆ ಕೋಣೆ. ಅವರನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ. ಹಸಿರು ಬಂದವರು ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗಬೇಕು. ಆದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? 'ಹಸಿರು ತಲೆನೋವು' ಅನ್ನುವುದು ಆರು ತಿಂಗಳಲ್ಲಿ ಬೈಗುಳವಾಯಿತು. ಮಗ ಶಾಲೆಗೆ ಹೋಗಲ್ಲ ಅಂದರೆ ಹಸಿರು ತಲೆನೋವು. ಓರಗಿತ್ತಿ ಹಬ್ಬದ ದಿನ ಮಲಗಿದರೆ ಹಸಿರು ತಲೆನೋವು. ವಿರೋಧ ಪಕ್ಷದವರು ಸಭೆಗೆ ಬರದಿದ್ದರೆ ಅವರಿಗೂ ಅದೇ.

ಇದರಲ್ಲೂ ಹಾಸನದ್ದು ಒಂದು ದಾಖಲೆ. ಇಡೀ ರಾಜ್ಯದಲ್ಲಿ ಅತಿ ಕಡಿಮೆ ನೇರಳೆ ಕಂಡದ್ದು ಹಾಸನದ ತಲೆನೋವು ಕೇಂದ್ರದಲ್ಲಿ. ನೀರಿನ ಗುಣ ಅಂದರು ಕೆಲವರು, ರಾಗಿಮುದ್ದೆಯ ಗುಣ ಅಂದರು ಹಲವರು. ಟೀವಿಯವರು ಬಂದು 'ಗಟ್ಟಿ ತಲೆಯ ಜಿಲ್ಲೆ' ಅಂತ ಕಾರ್ಯಕ್ರಮ ಮಾಡಿಹೋದರು. ಊರಿಗೆಲ್ಲ ಹೆಮ್ಮೆ. ಸಿಂಚನಾಗೆ ಮಾತ್ರ ಆ ಹೆಮ್ಮೆಯೇ ಉರುಳಾಗಿತ್ತು. ಅವಳಿಗೆ ಈಗಾಗಲೇ ಎರಡು ಸಲ ಹಸಿರು ಬಂದಿತ್ತು, ಮೂರನೆಯದೂ ಹಸಿರಾದರೆ ಅವಳ ಕುರ್ಚಿ ಹೋಗುತ್ತಿತ್ತು.

ಆ ಕುರ್ಚಿ ಇದ್ದದ್ದು ಊರಾಚೆಯ ಗಗನಸಾಗಣೆ ಕೇಂದ್ರದಲ್ಲಿ. ಔಷಧಿ, ರಕ್ತ, ಹಾವಿನ ಕಡಿತದ ಚುಚ್ಚುಮದ್ದು ಇಂಥವನ್ನು ಹೊತ್ತು ಹಾರುವ ಡ್ರೋನ್‌ಗಳನ್ನು ಜನ ಹಕ್ಕಿಬಂಡಿ ಅನ್ನುತ್ತಿದ್ದರು. ಅವು ತಾವಾಗಿಯೇ ಹಾರುತ್ತಿದ್ದವು, ನಿಜ. ಆದರೆ ಗಾಳಿ ತಿರುಗಿದರೆ, ಹದ್ದು ಅಡ್ಡ ಬಂದರೆ, ಮದುವೆ ಮನೆಯವರು ಪಟಾಕಿ ಹಾರಿಸಿದರೆ, ಕೈಹಾಕಲು ಒಬ್ಬ ಮನುಷ್ಯ ಬೇಕು. ಸಿಂಚನಾ ಆ ಕೆಲಸದಲ್ಲಿ ಹೆಸರು ಮಾಡಿದವಳು. ಮೋಡದ ಬಣ್ಣ ನೋಡಿ ಗಾಳಿ ಹೇಳುತ್ತಿದ್ದಳು.

ಆ ದಿನ ಅವಳ ಕೈಕೆಳಗೆ ಐದು ಹಕ್ಕಿಗಳಿದ್ದವು. ಒಂದು ಹೆರಿಗೆ ಆಸ್ಪತ್ರೆಗೆ ರಕ್ತ ಒಯ್ಯುತ್ತಿತ್ತು. ಎತ್ತರದ ಅಂಕಿಯನ್ನು ಓದಲು ಹೋದಳು, ಅಂಕಿಯ ಅರ್ಧ ಇರಲಿಲ್ಲ. ಕಣ್ಣುಜ್ಜಿಕೊಂಡಳು. ಪರದೆಯ ನಡುವೆ ಒಂದು ತೂತು ಬಿದ್ದಿತ್ತು, ತೂತಿನ ಅಂಚಿನಲ್ಲಿ ಬೆಳ್ಳಗೆ ಮಿನುಗುವ ಅಂಕುಡೊಂಕು ಗೆರೆ. ಎಡಗಣ್ಣು ಮುಚ್ಚಿದರೂ ಇತ್ತು, ಬಲಗಣ್ಣು ಮುಚ್ಚಿದರೂ ಇತ್ತು. ಗೆರೆ ನಿಧಾನವಾಗಿ ದೊಡ್ಡದಾಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ಮಾಯವಾಗುತ್ತದೆ, ಆಮೇಲೆ ಬಲಗಣ್ಣಿನ ಹಿಂದಿನಿಂದ ನೋವು ಶುರುವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹಿಂದೊಮ್ಮೆ ಹೀಗೇ ಆದಾಗ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಕಾಣದ ತೂತಿನೊಳಗೆ ಕಾಫಿ ತೋಟದ ಒಂದು ಎತ್ತರದ ಸಿಲ್ವರ್ ಮರ ಇತ್ತು, ಹಕ್ಕಿ ಅದರ ತುದಿಗೆ ಉಜ್ಜಿಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಇನ್ನು ಮೇಲೆ ಮುಚ್ಚಿಟ್ಟುಕೊಂಡು ಕೂರುವುದಿಲ್ಲ ಎಂದು ಅಂದೇ ತೀರ್ಮಾನಿಸಿದ್ದಳು.

ಕೈ ಎತ್ತಿದಳು. "ಸರ್, ನನ್ನ ಹಕ್ಕಿಗಳನ್ನ ಯಾರಾದ್ರೂ ತಗೊಳ್ಳಿ. ನನಗೆ ಕಾಣಿಸ್ತಿಲ್ಲ."

ಮೇಲ್ವಿಚಾರಕ ದಯಾನಂದ ಬಂದು ತಾನೇ ಕುರ್ಚಿಯಲ್ಲಿ ಕೂತ. ಕೆಟ್ಟವನಲ್ಲ, ಆದರೆ ಕಾನೂನಿನ ಮನುಷ್ಯ. ಹಕ್ಕಿಗಳೆಲ್ಲ ಇಳಿದ ಮೇಲೆ ಅಂದ, "ನೋಡಮ್ಮಾ ಸಿಂಚನಾ, ನೀನು ಹೇಳೋದನ್ನ ನಂಬಬೇಕು ಅಂತ ನನಗೂ ಆಸೆ. ಆದ್ರೆ ಕನ್ನಡಿ ಎರಡು ಸಲ ಹಸಿರು ಅಂದಿದೆ. ಉಳಿದವರು ನನ್ನ ಕೇಳ್ತಾರೆ, ಅವಳಿಗೊಂದು ನ್ಯಾಯ ನಮಗೊಂದು ನ್ಯಾಯನಾ ಅಂತ. ಮುಂದಿನ ಸಲ ಬಂದಾಗ ಹೋಗಿ ಪರೀಕ್ಷೆ ಮಾಡಿಸ್ಕೋ. ಹಸಿರು ಬಂದ್ರೆ ನನ್ನ ಕೈಲಿ ಏನೂ ಇಲ್ಲ. ಉಗ್ರಾಣಕ್ಕೆ ಹಾಕ್ತಾರೆ."

"ಈಗ್ಲೇ ಹೋಗ್ಲಾ ಸರ್?"

"ಇವತ್ತು ತಲೆನೋವು ಕೇಂದ್ರಕ್ಕೆ ರಜ ಅಲ್ವೇನಮ್ಮ."

ತಲೆನೋವೂ ರಜ ನೋಡಿಕೊಂಡು ಬರಬೇಕಿತ್ತು!

ಮನೆಗೆ ಹೋದರೆ ಅಲ್ಲಿ ಅತ್ತೆ ಭಾಗ್ಯಮ್ಮನವರ ಉಪಚಾರ. ಭಾಗ್ಯಮ್ಮ ಸೊಸೆಯನ್ನು ಪ್ರೀತಿಸುತ್ತಿರಲಿಲ್ಲ ಅಂದರೆ ಅದು ಅನ್ಯಾಯದ ಮಾತು. ಅವರ ಪ್ರೀತಿಯೇ ಅಂಥದ್ದು. ಮೊದಲು ಹಣೆಗೆ ಮುಲಾಮು ತಿಕ್ಕಿದರು, ಅದರ ಘಾಟಿಗೆ ಸಿಂಚನಾ ಬಚ್ಚಲಿಗೆ ಓಡಿದಳು. ವಾಂತಿಯಾದಾಗ "ಪಿತ್ತ ಕಣವ್ವ, ಪಿತ್ತ ಕೆದರಿದೆ" ಅಂದು ನಿಂಬೆಹಣ್ಣು ಹಿಂಡಿದರು. ಅದೂ ನಿಲ್ಲದಾಗ ದೃಷ್ಟಿ ಆಗಿದೆ ಅಂತ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆ ಹೊಗೆ ಕೋಣೆಗೆ ಬಂದಾಗ ಸಿಂಚನಾ ದಿಂಬಿನೊಳಗೆ ಮುಖ ಹುದುಗಿಸಿ ಅತ್ತಳು. ಅಳುವುದಕ್ಕೂ ಆಗುವುದಿಲ್ಲ, ಅತ್ತರೆ ನಾಡಿಯ ಬಡಿತ ಇನ್ನೂ ಜೋರಾಗುತ್ತದೆ.

ಅದೇ ಸಂಜೆ ಅವಳ ಗಂಡ ಲಿಖಿತ್‌ಗೂ ತಲೆನೋವು. ಅವನು ಪ್ರೌಢಶಾಲೆಯ ಮೇಷ್ಟ್ರು, ಇಡೀ ದಿನ ಉತ್ತರಪತ್ರಿಕೆ ತಿದ್ದಿ ಬಂದಿದ್ದ.

"ಅಮ್ಮಾ, ತಲೆ ಸುತ್ತ ಹಗ್ಗ ಹಾಕಿ ಬಿಗಿದಂಗಿದೆ. ಎರಡೂ ಕಡೆ," ಅಂದ. ಹಾಗಂದವನು ಟೀವಿ ಹಚ್ಚಿ ಕ್ರಿಕೆಟ್ ನೋಡಿದ. ಮೂರು ಚಪಾತಿ ತಿಂದ. ಪಕ್ಕದ ಮನೆಯವರು ಬಂದಾಗ ಎದ್ದು ಹೋಗಿ ಅವರ ಸ್ಕೂಟರು ತಳ್ಳಿಕೊಟ್ಟು ಬಂದ. ಕತ್ತು ಒತ್ತಿಸಿಕೊಂಡು ಮಾತ್ರೆ ನುಂಗಿದ, ಊಟದ ಹೊತ್ತಿಗೆಲ್ಲ ಶಿಳ್ಳೆ ಹಾಕುತ್ತಿದ್ದ.

"ನೋಡು, ನನ್ನ ಮಗನಿಗೂ ತಲೆನೋವೇ," ಭಾಗ್ಯಮ್ಮ ಬಾಗಿಲಲ್ಲಿ ನಿಂತು ಅಂದರು. "ಅವನೇನು ಕಿಟಕಿಗೆಲ್ಲ ಬಟ್ಟೆ ಕಟ್ಕೊಂಡು ಮಲಗಿದ್ನಾ? ಸ್ವಲ್ಪ ಗಟ್ಟಿ ಮನಸ್ಸು ಮಾಡವ್ವ. ಎದ್ದು ನಾಲ್ಕು ಹೆಜ್ಜೆ ಓಡಾಡು, ಸರಿಹೋಯ್ತದೆ."

ಓಡಾಡುವುದಿರಲಿ, ಮಗ್ಗುಲು ಬದಲಿಸಿದರೂ ಬಲಗಡೆಯ ಕಣ್ಣುಗುಡ್ಡೆಯ ಹಿಂದೆ ಯಾರೋ ಒಳಗಿನಿಂದ ಬಾಗಿಲು ಬಡಿದಂತಾಗುತ್ತಿತ್ತು. ಅಡುಗೆಮನೆಯ ಒಗ್ಗರಣೆಯ ಸದ್ದು ಕಿವಿಯಲ್ಲಿ ಸಿಡಿಯಿತು. ಬಾಗಿಲ ಸಂದಿಯಿಂದ ಬಂದ ಒಂದು ಎಳೆ ಬೆಳಕು ಚುಚ್ಚಿತು. ಇದನ್ನೆಲ್ಲ ಹೇಳೋಣ ಅಂದರೆ ಮಾತಾಡುವುದೂ ಸದ್ದೇ. ಆ ನೋವು ಹೋದ ಮೇಲೂ ಮರುದಿನವೆಲ್ಲ ಮೈ ಹಿಂಡಿ ಒಣಹಾಕಿದ ಬಟ್ಟೆಯಾಗಿತ್ತು. ನೋವಿಗಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಒಂದು ಅನುಮಾನ: ಕನ್ನಡಿ ಸುಳ್ಳು ಹೇಳುತ್ತದೆಯೇ? ಇಡೀ ಹಾಸನಕ್ಕೆ ಬರದ್ದು ನನಗೊಬ್ಬಳಿಗೆ ಬರುತ್ತದೆಯೇ? ನಾನೇ ಮಾಡಿಕೊಳ್ಳುತ್ತಿದ್ದೇನೆಯೇ?

ಆ ಹಿಂದಿನ ಎರಡು ಪರೀಕ್ಷೆಗಳನ್ನೂ ಮಾಡಿದ್ದು ಡಾಕ್ಟರ್ ವಾರಿಜಾ, ಹಾಸನದ ತಲೆನೋವು ಕೇಂದ್ರದ ಮುಖ್ಯಸ್ಥೆ. ದುಂಡುಮುಖ, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ಮನಸ್ಸು. ರೋಗಿಯನ್ನು ರೋಗಿಯೆಂದು ಕರೆದದ್ದೇ ಇಲ್ಲ, "ನಮ್ಮನೆಗೆ ಬಂದೋರು" ಅನ್ನುತ್ತಿದ್ದರು. ಮನೆಗೆ ಬಂದವರಿಗೆ ಬಾಯಿಗೇನೂ ಕೊಡದೆ ತಲೆಗೆ ಹೆಲ್ಮೆಟ್ಟು ಹಾಕುವುದುಂಟೇ? ಪ್ರಯೋಗಾಲಯದ ಮೂಲೆಯಲ್ಲಿ ಅವರ ಅಜ್ಜಿಯ ಕಾಲದ ಹಿತ್ತಾಳೆ ಫಿಲ್ಟರು ಇತ್ತು. ಕನ್ನಡಿ ಬಿಸಿಯಾಗುವಷ್ಟರಲ್ಲಿ ಬಂದವರ ಕೈಗೆ ಒಂದು ಲೋಟ ಗಟ್ಟಿ ಕಾಫಿ ಬರುತ್ತಿತ್ತು.

ಹಾಗಂತ ಡಾಕ್ಟರ್ ನಿಯಮ ಮೀರುವವರಲ್ಲ. ಪರೀಕ್ಷೆಗೆ ಮುಂಚೆ ನೀರಿನ ಹೊರತು ಹೊಟ್ಟೆಗೆ ಏನೂ ಹೋಗಿರಬಾರದು ಎಂದು ಕನ್ನಡಿಯ ಜೊತೆ ಬಂದ ಸೂಚನೆಯಲ್ಲಿತ್ತು, ಅದನ್ನು ಬಲು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. "ಬಿಸ್ಕತ್ತು ಗಿಸ್ಕತ್ತು ಕೇಳಬೇಡಿ, ಖಾಲಿ ಹೊಟ್ಟೇಲೇ ಇರಬೇಕು," ಅನ್ನುತ್ತಾ ಕಾಫಿ ಸುರಿಯುತ್ತಿದ್ದರು. ಅಲ್ಲಿದ್ದ ಯಾರಿಗೂ ಅದರಲ್ಲಿ ವಿಚಿತ್ರ ಕಂಡಿರಲಿಲ್ಲ. ಹೇಗೆ ಕಾಣಬೇಕು? ಭಾಗ್ಯಮ್ಮನವರೇ ಶನಿವಾರ ಶನಿವಾರ ಉಪವಾಸ ಮಾಡುತ್ತಿದ್ದರು, ಬೆಳಗ್ಗೆ ಎರಡು ಲೋಟ ಕಾಫಿ ಕುಡಿದು, ಮಧ್ಯಾಹ್ನ ಒಂದು ಲೋಟ ಕುಡಿದು. "ಕಾಫಿಗೆ ಉಪವಾಸ ಮುರಿಯಲ್ಲ" ಅನ್ನುವುದು ನಮ್ಮ ಕಡೆ ದೇವರೂ ಒಪ್ಪಿಕೊಂಡ ಮಾತು. ಹಾಗಿರುವಾಗ ಒಂದು ಹೆಲ್ಮೆಟ್ಟು ಒಪ್ಪದೆ ಏನು ಮಾಡೀತು?

ಸಿಂಚನಾಗೆ ನೋವಿದ್ದಾಗ ಕಾಫಿಯ ವಾಸನೆಯೇ ಆಗುತ್ತಿರಲಿಲ್ಲ. ಆದರೂ ದೊಡ್ಡವರು ಕೈಯಾರೆ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ ಎಂದು ದಾಕ್ಷಿಣ್ಯಕ್ಕೆ ಕಣ್ಣುಮುಚ್ಚಿ ಕುಡಿದಿದ್ದಳು. ಎರಡು ಸಲವೂ ಕುಡಿದ ಮೇಲೆ ನೋವು ಒಂದು ಚೂರು ತಗ್ಗಿತ್ತು, ಪರದೆಯೂ ಹಸಿರಾಗಿತ್ತು. "ನೋಡಿ, ಕಾಫಿಗೆ ಇಳಿಯೋ ತಲೆನೋವು ದೊಡ್ಡದಲ್ಲಮ್ಮ," ಅಂತ ಡಾಕ್ಟರ್ ಬೆನ್ನು ತಟ್ಟಿ ಕಳಿಸಿದ್ದರು. ಬೆನ್ನು ತಟ್ಟಿಸಿಕೊಂಡವಳು ಹೊರಗೆ ಬಂದು ಆಟೋ ಸ್ಟ್ಯಾಂಡಿನ ಹಿಂದೆ ವಾಂತಿ ಮಾಡಿಕೊಂಡಿದ್ದಳು.

ಹದಿನೈದು ದಿನ ಕಳೆಯಿತು. ಒಂದು ಸಂಜೆ ಸಿಂಚನಾ ಬಟ್ಟೆ ಮಡಿಸುತ್ತಾ ಆಕಳಿಸಿದಳು, ಮತ್ತೆ ಆಕಳಿಸಿದಳು. ಕತ್ತು ಹಿಡಿದುಕೊಂಡಂತಿತ್ತು. ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಬೆಲ್ಲದ ಚೂರು ತಗೊಂಡು ಬಾಯಿಗೆ ಹಾಕಿಕೊಂಡಳು, ಸಾಲದೆ ಇನ್ನೊಂದು.

"ಏನವ್ವ, ಬಸುರಿ ಬಯಕೆಯಾ?" ಭಾಗ್ಯಮ್ಮ ಛೇಡಿಸಿದರು.

"ಅಲ್ಲತ್ತೆ, ಯಾಕೋ ತಿನ್ಬೇಕು ಅನ್ನಿಸ್ತು."

ಮರುದಿನ ಬೆಳಗ್ಗೆ ಲಿಖಿತ್ ಶಾಲೆಗೆ ಹೊರಟು ಹೋದ ಮೇಲೆ ಅಂಕುಡೊಂಕು ಗೆರೆ ಬಂತು. ಈ ಸಲ ಅಷ್ಟಕ್ಕೇ ನಿಲ್ಲಲಿಲ್ಲ. ಎಡಗೈಯ ಕಿರುಬೆರಳಲ್ಲಿ ಜೋಮು ಶುರುವಾಗಿ, ಅಂಗೈಗೆ ಬಂದು, ಮೊಣಕೈವರೆಗೆ ಹತ್ತಿ, ಆಮೇಲೆ ತುಟಿಯ ಎಡಬದಿಗೆ ಬಂತು. ಇರುವೆ ಸಾಲು ನಡೆದಷ್ಟು ನಿಧಾನ. ಸಿಂಚನಾ ಹೆದರಿ ಅತ್ತೆಯ ಕಡೆ ತಿರುಗಿದಳು. ನೀರು ಬೇಕು ಅನ್ನಬೇಕಿತ್ತು.

"ಅತ್ತೆ... ಚೊಂಬು... ಅಲ್ಲ, ಬಾಗಿಲು... ಬಾಗಿಲು ಕೊಡಿ," ಅಂದಳು.

"ಬಾಗಿಲು ಕೊಡೋದಾ? ಏನ್ ಹೇಳ್ತಾ ಇದೀಯೆ?"

ಸಿಂಚನಾ ತಲೆಯಾಡಿಸಿದಳು. ಮಾತು ಒಳಗೆ ಇತ್ತು, ನಾಲಿಗೆಗೆ ಸಿಗುತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಭಾಗ್ಯಮ್ಮನ ಕೈಯಲ್ಲಿದ್ದ ಕಾಫಿ ಲೋಟ ನೆಲಕ್ಕೆ ಬಿತ್ತು.

"ಅಯ್ಯೋ ನನ್ನಪ್ಪಾ, ಲಕ್ವ ಹೊಡೀತೋ ಏನೋ! ಸಿಂಚು, ನನ್ನ ನೋಡವ್ವ. ನನ್ನ ಹೆಸರೇನು ಹೇಳು?"

ಸಿಂಚನಾಗೆ ಅತ್ತೆಯ ಹೆಸರೂ ಬರಲಿಲ್ಲ. ಹನ್ನೊಂದು ವರ್ಷ ಸೊಸೆಗೆ 'ಗಟ್ಟಿ ಮನಸ್ಸು ಮಾಡು' ಅಂದ ಹೆಂಗಸು ಆ ಕ್ಷಣ ಪೂರ್ತಿ ಕುಸಿದುಹೋದರು. ಚಪ್ಪಲಿ ಮೆಟ್ಟಲಿಲ್ಲ, ಬಾಗಿಲಿಗೆ ಬೀಗ ಹಾಕಲಿಲ್ಲ. ಬೀದಿಗೆ ಓಡಿ ಸಿಕ್ಕ ಆಟೋಗೆ ಅಡ್ಡ ನಿಂತರು. ದಾರಿಯುದ್ದಕ್ಕೂ ಸಿಂಚನಾ ಬೆಳಕಿಗೆ ಕಣ್ಣು ಕಿವುಚುವುದನ್ನು ನೋಡಿ, ತಮ್ಮ ಸೆರಗನ್ನೇ ಅವಳ ಮುಖಕ್ಕೆ ಮುಚ್ಚಿ ಹಿಡಿದರು. ಪ್ರತಿ ಹಳ್ಳಕ್ಕೂ ಅವಳು ನರಳುವುದು ಅವರ ಎದೆಗೇ ತಾಗುತ್ತಿತ್ತು. "ಮೆಲ್ಲಗೆ ಓಡಿಸಪ್ಪಾ, ಮೆಲ್ಲಗೆ. ಇಲ್ಲ, ಬೇಗ ಓಡಿಸು. ಅಯ್ಯೋ, ಏನಾದ್ರೂ ಮಾಡು!"

ಡಾಕ್ಟರ್ ವಾರಿಜಾ ಆ ದಿನ ನಗಲಿಲ್ಲ. "ಎರಡೂ ಕೈ ಎತ್ತಿ. ನಕ್ಕು ತೋರ್ಸಿ. ನಾಲಿಗೆ ಚಾಚಿ." ತಡಮಾಡದೆ ಪಕ್ಕದ ಕಟ್ಟಡಕ್ಕೆ ಕಳಿಸಿ ಮಿದುಳಿನ ಸ್ಕ್ಯಾನ್ ಮಾಡಿಸಿದರು. ಅಷ್ಟರಲ್ಲಿ ಮಾತು ತಾನಾಗಿ ಮರಳಿ ಬಂದಿತ್ತು, ಜೋಮು ಇಳಿದಿತ್ತು. ಅದರ ಬದಲು ಬಲಗಡೆ ಬಡಿತ ಶುರುವಾಗಿತ್ತು.

"ಲಕ್ವ ಅಲ್ಲ, ಹೆದರಬೇಡಿ," ಡಾಕ್ಟರ್ ಭಾಗ್ಯಮ್ಮನ ಕೈ ಹಿಡಿದುಕೊಂಡು ಅಂದರು. "ಲಕ್ವ ಹೊಡೆಯೋದು ಸಾಮಾನ್ಯವಾಗಿ ಒಂದೇ ಏಟಿಗೆ. ಇದು ಬೆರಳಿಂದ ತುಟಿಗೆ ನಿಧಾನವಾಗಿ ನಡ್ಕೊಂಡು ಬಂದಿದೆ. ಆದ್ರೆ ಮನೇಲಿ ಕೂತು ಅದನ್ನ ತೀರ್ಮಾನ ಮಾಡಬಾರದು ನೋಡಿ. ಮಾತು ತೊದಲಿದ್ರೆ, ಕೈ ಸೋತ್ರೆ, ಯೋಚನೆ ಮಾಡದೆ ಓಡಿಬರಬೇಕು. ನೀವು ಮಾಡಿದ್ದು ಸರಿ." ಆಮೇಲೆ ಸಿಂಚನಾ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. "ನೀವು ಹೇಳೋದೆಲ್ಲ ಮೈಗ್ರೇನಿನ ಲಕ್ಷಣವೇ. ಕನ್ನಡಿ ಯಾಕೆ ಒಪ್ತಿಲ್ಲ ಅಂತ ನನಗೇ ತಲೆ ಕೆಡ್ತಿದೆ. ಬನ್ನಿ, ಇನ್ನೊಂದ್ಸಲ ನೋಡೇಬಿಡೋಣ."

ಸಿಂಚನಾ ಮನಸ್ಸಿನಲ್ಲೇ ಎಣಿಸಿದಳು. ಇದು ಮೂರನೆಯದು. ಬೇಡ ಅನ್ನೋಣ ಅನ್ನಿಸಿತು, ಹಸಿರು ಬರುವುದಕ್ಕಿಂತ ಗೊತ್ತಿಲ್ಲದಿರುವುದೇ ಮೇಲು. ಆದರೆ ಇವತ್ತು ತಪ್ಪಿಸಿಕೊಂಡರೂ ನೋವು ಮತ್ತೆ ಬಂದಾಗ ಇಲ್ಲಿಗೆ ಬರಲೇಬೇಕು. ಕುರ್ಚಿಯಲ್ಲಿ ಕೂತಳು. ಹೆಲ್ಮೆಟ್ಟಿನ ಗುಂಯ್ ಸದ್ದು ಶುರುವಾಯಿತು. ಮೂಲೆಯಿಂದ ಕಾಫಿಯ ಪರಿಮಳ ಬಂತು, ಡಾಕ್ಟರ್ ಕೈಯಲ್ಲಿ ಲೋಟ.

"ಮೊದಲು ಒಂದು ಗುಟುಕು ಕಾಫಿ. ಬೆಳಗ್ಗೆಯಿಂದ ಸುಸ್ತಾಗಿದೀರಿ."

ವಾಸನೆಗೆ ಸಿಂಚನಾ ಮುಖ ತಿರುಗಿಸಿದಳು. ಆದರೂ ಅಭ್ಯಾಸದಂತೆ ಕೈ ಚಾಚಿದಳು. ಆ ಕೈಗೂ ಲೋಟಕ್ಕೂ ನಡುವೆ ಭಾಗ್ಯಮ್ಮ ಬಂದರು.

"ಬ್ಯಾಡಿ ಡಾಕ್ಟ್ರೇ. ಅವಳಿಗೆ ಆಗ್ತಾ ಇಲ್ಲ. ಮುಖ ನೋಡಿ, ವಾಸನೆಗೇ ಬೆಳ್ಳಗಾಗ್ತಾ ಅವಳೆ. ಇಷ್ಟು ವರ್ಷ ನಾನೂ ಕುಡಿ ಕುಡಿ ಅಂತ ಬಾಯಿಗೆ ಹಿಡೀತಿದ್ದೆ, ನೋಡ್ತಾನೇ ಇರ್ಲಿಲ್ಲ." ಲೋಟವನ್ನು ತಾವೇ ತಗೊಂಡರು. "ನೀವು ಬೇಜಾರು ಮಾಡ್ಕಬ್ಯಾಡಿ. ಬಿಸಾಕೋದು ಯಾಕೆ, ನಾನೇ ಕುಡೀತೀನಿ. ನಂದು ಬೆಳಗ್ಗೆ ಚೆಲ್ಲೋಯ್ತು."

ಹೆಲ್ಮೆಟ್ಟು ಸಿಂಚನಾಳ ತಲೆಗೆ ಇಳಿಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಪರದೆ ನೋಡುವ ಧೈರ್ಯ ಇರಲಿಲ್ಲ. ಉಗ್ರಾಣ ಹೇಗಿರುತ್ತದೆ ಎಂದು ಊಹಿಸಿಕೊಳ್ಳುತ್ತಿದ್ದಳು, ಅಲ್ಲಿ ಆಕಾಶ ಕಾಣುವ ಕಿಟಕಿ ಇದೆಯೋ ಇಲ್ಲವೋ. ಭಾಗ್ಯಮ್ಮ ಕಾಫಿ ಹೀರುವ ಸದ್ದು ಮಾತ್ರ ಇತ್ತು, ಅದೂ ನಿಂತಿತು.

"ಇದೇನಮ್ಮಾ ಇದು," ಡಾಕ್ಟರ್ ದನಿ ಸಣ್ಣದಾಗಿತ್ತು.

ಸಿಂಚನಾ ಕಣ್ಣು ಬಿಟ್ಟಳು. ಪರದೆಯ ಹಿಂಬದಿಯಿಂದ ಮುಂದಕ್ಕೆ ನೇರಳೆ ಹರಡಿಕೊಂಡಿತ್ತು. ಚೂರುಪಾರಲ್ಲ. ಜಾತ್ರೆಯ ಬಣ್ಣದಂಗಡಿಯಲ್ಲಿ ಡಬ್ಬ ಉರುಳಿಸಿದಷ್ಟು ನೇರಳೆ. ಬಲಗಡೆ ಎಲ್ಲೆಲ್ಲಿ ಬಡಿಯುತ್ತಿತ್ತೋ ಅಲ್ಲೆಲ್ಲ ದಟ್ಟವಾಗಿ.

ಅವಳು ಅದನ್ನೇ ನೋಡುತ್ತಾ ಕೂತಳು. ಆ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಆದರೂ ನೋಡಿದಳು. ಇಷ್ಟು ವರ್ಷ ಅವಳೊಬ್ಬಳಿಗೇ ಗೊತ್ತಿದ್ದದ್ದು ಈಗ ಮೂವರ ಮುಂದೆ ಇತ್ತು. ನಾನು ಮಾಡಿಕೊಂಡದ್ದಲ್ಲ. ನಾನು ಸುಳ್ಳಿಯಲ್ಲ. ಬಿಕ್ಕಿ ಬಿಕ್ಕಿ ಅತ್ತಳು, ತಲೆ ಸಿಡಿದರೆ ಸಿಡಿಯಲಿ ಎಂದು ಅತ್ತಳು. ಎಂಥ ನಿರಾಳ!

"ಅಷ್ಟೊಂದಾ?" ಭಾಗ್ಯಮ್ಮ ಪರದೆಯ ಹತ್ತಿರ ಹೋಗಿ ನಿಂತರು. "ಇದು ತಲೆ ಒಳಗೆ ಇಟ್ಕೊಂಡು ಇವಳು ನನಗೆ ಮುದ್ದೆ ಕಟ್ಟಿ ಇಕ್ತಿದ್ಲಾ?"

ಡಾಕ್ಟರ್ ವಾರಿಜಾ ಪರದೆಯನ್ನು ನೋಡಿದರು, ಹಿಂದಿನ ಎರಡು ಹಸಿರು ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಅದೇ ಯಂತ್ರ, ಅದೇ ಕುರ್ಚಿ, ಅದೇ ಹೆಣ್ಣುಮಗಳು. ಇವತ್ತು ಬೇರೆ ಏನು? ಕೋಣೆಯೆಲ್ಲ ಕಣ್ಣಾಡಿಸಿದರು. ಕಣ್ಣು ಭಾಗ್ಯಮ್ಮನ ಕೈಯಲ್ಲಿದ್ದ ಖಾಲಿ ಲೋಟದ ಮೇಲೆ ನಿಂತಿತು, ಅಲ್ಲಿಂದ ಮೂಲೆಯ ಹಿತ್ತಾಳೆ ಫಿಲ್ಟರಿಗೆ ಹೋಯಿತು.

ಧೊಪ್ಪನೆ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಕಾಫಿ," ಅಂದರು. "ಕಾಫಿ ಮಿದುಳಿನ ರಕ್ತನಾಳಗಳನ್ನ ಬಿಗಿ ಮಾಡುತ್ತೆ. ಕಾಲೇಜಿನ ಎರಡನೇ ವರ್ಷದ ಪಾಠ. ರಕ್ತದ ಏರಿಳಿತ ನೋಡೋ ಯಂತ್ರ ಇದು. ನಾನು ಅದರ ಮುಂದೆ ಪರದೆ ಎಳೆದು, ಏನೂ ಕಾಣ್ತಿಲ್ಲ ಅಂತ ಹಸಿರು ಮುದ್ರೆ ಒತ್ತಿ ಕಳಿಸ್ತಿದ್ದೆ. ನೀರು ಬಿಟ್ಟು ಏನೂ ಬೇಡ ಅಂತ ಬರೆದಿದ್ರು. ನನಗೆ... ನನಗೆ ಕಾಫಿ ಅನ್ನೋದು ಅದರಲ್ಲಿ ಸೇರುತ್ತೆ ಅಂತ ಹೊಳೀಲೇ ಇಲ್ವಲ್ಲ!"

"ಯಾರಿಗೆ ಹೊಳೆಯುತ್ತೆ ಬಿಡಿ," ಭಾಗ್ಯಮ್ಮ ಸಮಾಧಾನ ಮಾಡಿದರು. "ಉಪವಾಸಕ್ಕೇ ನಡೀತದೆ."

ಡಾಕ್ಟರ್ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. "ಇಡೀ ಜಿಲ್ಲೆ ಕಣಮ್ಮ. ಇಡೀ ಜಿಲ್ಲೆಗೆ ಕಾಫಿ ಕುಡಿಸಿ, ನಿಮಗೇನೂ ಇಲ್ಲ ಅಂತ ಕಳಿಸಿದೀನಿ. ಗಟ್ಟಿ ತಲೆಯ ಜಿಲ್ಲೆಯಂತೆ! ಗಟ್ಟಿ ಇದ್ದದ್ದು ನನ್ನ ಡಿಕಾಕ್ಷನ್ನು." ಎದ್ದು ಸಿಂಚನಾಳ ಎದುರು ನಿಂತು ಅವಳ ಎರಡೂ ಕೈ ಹಿಡಿದುಕೊಂಡರು. "ಎರಡು ಸಲ ನಿಮ್ಮ ಮಾತಿಗಿಂತ ಪರದೆಯನ್ನ ನಂಬಿದೆ. ಒಂದು ಕಡೆ ಬಡಿತ, ವಾಂತಿ, ಬೆಳಕಾಗಲ್ಲ, ಸದ್ದಾಗಲ್ಲ, ಓಡಾಡಿದ್ರೆ ಜಾಸ್ತಿ, ಮುಂಚೆ ಕಣ್ಣಿಗೆ ಮಿಂಚು. ಯಂತ್ರ ಇಲ್ಲದ ಕಾಲದ ಡಾಕ್ಟರು ಇಷ್ಟು ಕೇಳಿಯೇ ಹೇಳಿಬಿಡ್ತಿದ್ರು. ನನ್ನನ್ನ ಕ್ಷಮಿಸಿ."

ಸಿಂಚನಾ ಕೈ ಬಿಡಿಸಿಕೊಳ್ಳಲಿಲ್ಲ. "ದೀಪ ಆರಿಸ್ತೀರಾ ಮೇಡಂ?" ಅಂದಳು. ಡಾಕ್ಟರ್ ಓಡಿಹೋಗಿ ಎಲ್ಲ ದೀಪ ಆರಿಸಿದರು.

ಡಾಕ್ಟರ್ ವಾರಿಜಾ ಮುಚ್ಚಿಡುವ ಹೆಂಗಸಲ್ಲ. ಟೀವಿಯವರನ್ನು ತಾವೇ ಕರೆಸಿ, ಫಿಲ್ಟರನ್ನು ಮೇಜಿನ ಮೇಲಿಟ್ಟುಕೊಂಡು, ನಡೆದದ್ದನ್ನು ಹೇಳಿದರು. ಹಸಿರು ಬಂದವರೆಲ್ಲ ಮತ್ತೆ ಬರಬೇಕೆಂದು ಕೈಮುಗಿದರು. ಬಂದರು, ನೋಡಿ! ಬಸ್ ಕಂಡಕ್ಟರು, ಟೈಲರು, ಹೈಸ್ಕೂಲು ಹುಡುಗಿಯರು, ಒಬ್ಬ ನಿವೃತ್ತ ಪೊಲೀಸು. ನೇರಳೆ ಕಂಡವರು ಪರದೆಯ ಮುಂದೆ ಅಳುವುದು, ಜೊತೆಗೆ ಬಂದವರು ತಲೆ ತಗ್ಗಿಸುವುದು ಅಲ್ಲಿ ದಿನನಿತ್ಯದ ನೋಟವಾಯಿತು. ಹಾಸನದ ದಾಖಲೆ ಮಣ್ಣುಪಾಲಾಯಿತು. ಯಾರೂ ಬೇಸರಪಡಲಿಲ್ಲ.

ಕುತೂಹಲಕ್ಕೆ ಲಿಖಿತ್ ಕೂಡ ತನ್ನ ಹಗ್ಗ ಬಿಗಿದ ತಲೆ ತಗೊಂಡು ಹೋದ. ಕಾಫಿ ಇಲ್ಲದೆಯೂ ಅವನದು ಅಚ್ಚ ಹಸಿರು.

"ಅಂದ್ರೆ ನಂದು ಸುಳ್ಳು ನೋವಾ ಮೇಡಂ?" ಮುಖ ಸಣ್ಣಗೆ ಮಾಡಿ ಕೇಳಿದ.

"ಯಾರು ಹೇಳಿದ್ದು? ಹಸಿರು ಅಂದ್ರೆ ಅಲೆ ಇಲ್ಲ ಅಂತ, ನೋವಿಲ್ಲ ಅಂತಲ್ಲ. ಬೇರೆ ನೋವು, ಬೇರೆ ಮದ್ದು. ಉತ್ತರಪತ್ರಿಕೆ ತಿದ್ದುವಾಗ ನಡುನಡುವೆ ಎದ್ದು ಕತ್ತು ಆಡಿಸಿ." ಫಿಲ್ಟರು ಈಗ ಹೊರಗಿನ ಜಗಲಿಗೆ ಹೋಗಿತ್ತು. "ಹೋಗ್ತಾ ಕಾಫಿ ಕುಡ್ಕೊಂಡು ಹೋಗಿ," ಅಂದರು.

ಸಿಂಚನಾ ತನ್ನ ಕುರ್ಚಿಗೆ ಮರಳಿದಳು. ಅಂಕುಡೊಂಕು ಕಂಡ ದಿನ ಕೈ ಎತ್ತುತ್ತಾಳೆ, ದಯಾನಂದ ಮಾತಿಲ್ಲದೆ ಬಂದು ಹಕ್ಕಿಗಳನ್ನು ತಗೊಳ್ಳುತ್ತಾನೆ. ಒಂದು ಸಲ ಅವನೇ, "ಹೋಗಮ್ಮ, ಹೋಗು, ಹಕ್ಕಿಗಳೇನು ಎಲ್ಲೂ ಹೋಗಲ್ಲ," ಅಂದ. ಅಂದಮೇಲೆ ತಾನು ಹೇಳಿದ್ದು ಹೊಳೆದು ಅವನೇ ನಕ್ಕ. ನೋವು ಶುರುವಾದ ಕೂಡಲೇ ನುಂಗುವ ಸರಿಯಾದ ಮದ್ದು ಈಗ ಅವಳ ಚೀಲದಲ್ಲಿದೆ. ಅರೆತಲೆ ನಿಂತಿತು ಅಂತಲ್ಲ. ಬರುತ್ತದೆ. ಆದರೆ ಒಂಟಿಯಾಗಿ ಬರುತ್ತದೆ, ತನ್ನ ಜೊತೆ ಅನುಮಾನವನ್ನು ಕರೆತರುವುದಿಲ್ಲ.

ಮೊನ್ನೆ ಭಾನುವಾರ ಅವಳು ಮನೆಯಲ್ಲೇ ಇದ್ದಾಗ ಬಂತು. ಬಂತು ಅನ್ನುವುದನ್ನು ಅವಳಿಗಿಂತ ಮೊದಲು ಹೇಳಿದ್ದು ಭಾಗ್ಯಮ್ಮ. "ನೆನ್ನೆಯಿಂದ ಆಕಳಿಸ್ತಾ ಇದೀಯ, ಬೆಲ್ಲದ ಡಬ್ಬಿ ಖಾಲಿ. ಹೋಗು, ಮಾತ್ರೆ ತಗೊಂಡು ಮಲಕ್ಕೋ." ಕಿಟಕಿಗೆ ತಾವೇ ಹೊದಿಕೆ ಕಟ್ಟಿದರು. ಮಿಕ್ಸಿಯ ಪ್ಲಗ್ಗು ಕಿತ್ತರು. ಒಗ್ಗರಣೆ ಇಲ್ಲದ ಸಾರು ಮಾಡಿದರು, ಅದನ್ನು ಲಿಖಿತ್ ಗೊಣಗದೆ ಉಂಡ. ಆಮೇಲೆ ಕೋಣೆಯ ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಕೂತರು.

ಹೊರಗೆ ಪಕ್ಕದ ಮನೆಯಾಕೆಯ ದನಿ ಕೇಳಿತು. "ಏನ್ ಭಾಗ್ಯಮ್ಮ, ಸೊಸೆ ಮಲಗವಳಾ? ತಲೆನೋವಾ? ಒಂಚೂರು ಕಾಫಿ ಮಾಡಿಕೊಡಿ, ಎದ್ದು ಓಡಾಡ್ತಾಳೆ."

"ಶ್! ಮೆಲ್ಲಗೆ!" ಭಾಗ್ಯಮ್ಮ ಪಿಸುಗುಟ್ಟಿದರು. ಅವರ ಪಿಸುಮಾತು ಬೀದಿ ದಾಟಿ ಕೇಳುವಂಥದ್ದು. "ತಲೆನೋವು ಅನ್ನಬ್ಯಾಡಿ. ತಲೆನೋವು ನನ್ನ ಮಗನಿಗೆ ಬರೋದು. ನನ್ನ ಸೊಸೆಗೆ ಬರೋದು ಅಲೆ. ಹಿಂದಿಂದ ಏಳ್ತದೆ. ನೇರಳೆ. ನಾನೇ ನೋಡಿದೀನಿ, ಈ ಕಣ್ಣಲ್ಲಿ!"

ಕತ್ತಲಲ್ಲಿ ಮಲಗಿದ್ದ ಸಿಂಚನಾಗೆ ನಗು ಬಂತು. ನಕ್ಕರೆ ಬಲಗಡೆ ಬಡಿಯುತ್ತದೆ ಅಂತ ಗೊತ್ತಿತ್ತು. ಆದರೂ ನಕ್ಕಳು.